ಬರ್ತೇನಿ ಅಂದವನ ನೆರಳು

ಫಕೀರವ್ವನ ಮನೆಯಲ್ಲಿ ಎಲ್ಲ ತಪ್ಪಿಗೂ ಮಾಫಿ ಇತ್ತು, ಒಂದಕ್ಕೆ ಮಾತ್ರ ಇರಲಿಲ್ಲ. ಹೊಸ್ತಿಲು ದಾಟುವಾಗ ಯಾರೂ ‘ಹೋಗ್ತೇನಿ’ ಅನ್ನಕೂಡದು. ಮಗ ದ್ಯಾಮಣ್ಣ ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಯಾವುದೋ ಸಿಟ್ಟಿಗೆ “ಹೋಗ್ತೇನಿ!” ಎಂದು ಕಾಲು ಅಪ್ಪಳಿಸಿ ಹೊರಟಿದ್ದ. ರೊಟ್ಟಿ ಬಡಿಯುತ್ತಿದ್ದ ಫಕೀರವ್ವ ಹಿಟ್ಟಿನ ಕೈಯಲ್ಲೇ ಎದ್ದು ಓಣಿಯ ತುದಿಯವರೆಗೆ ಓಡಿ, ಅವನನ್ನು ಎಳೆದು ತಂದು ಕೂರಿಸಿ, ಕಪಾಳಕ್ಕೊಂದು ಕೊಟ್ಟು, ಮೇಲೆ ಒಂದು ತಂಬಿಗೆ ನೀರೂ ಕುಡಿಸಿದಳು. “ಹೆಣಾ ಹೋಗತಾವಲೇ. ಮನಷಾರು ಬರ್ತಾರ. ಈಗ ಅನ್ನು!” ದ್ಯಾಮಣ್ಣ ಬಿಕ್ಕುತ್ತಲೇ “ಬರ್ತೇನಬೇ ಯವ್ವಾ” ಅಂದ. ಕೆನ್ನೆಯ ಮೇಲೆ ಜೋಳದ ಹಿಟ್ಟಿನ ಐದು ಬೆರಳು ಎದ್ದು ಕಾಣುತ್ತಿದ್ದವು. ಅದನ್ನು ನೋಡಿ ನಕ್ಕದ್ದು ತಂಗಿ ಕಸ್ತೂರಿ. ನಕ್ಕಿದ್ದಕ್ಕೆ ಅವಳಿಗೂ ಒಂದು ಬಿತ್ತು.

ಅವತ್ತಿನಿಂದ ದ್ಯಾಮಣ್ಣನಿಗೆ ‘ಬರ್ತೇನಿ’ ಎಂಬುದು ಉಸಿರಿನಷ್ಟೇ ರೂಢಿಯಾಯಿತು. ಮಂದಿಗೆ ಅನ್ನುವುದಿರಲಿ, ಎಮ್ಮೆಗೂ ಅಂದ, ಎಟಿಎಮ್ಮಿನ ಪೆಟ್ಟಿಗೆಗೂ ಅಂದ. ನಮ್ಮ ಕಡೆ ಇದೇನು ಹೊಸದಲ್ಲ, ಎಲ್ಲರೂ ಅನ್ನುವುದೇ. ಹೊಸದಾಗಿದ್ದು ಏನೆಂದರೆ, ಆ ಕಾಲಕ್ಕೆ ಬಂದ ಫೋನುಗಳು ಈ ಮಾತನ್ನು ಕಿವಿಗೊಟ್ಟು ಕೇಳತೊಡಗಿದ್ದು.

ಆ ಫೋನುಗಳೊಳಗೆ ‘ನೆರಳು’ ಎಂಬುದೊಂದು ಇರುತ್ತಿತ್ತು. ಒಡೆಯನ ಜೊತೆ ವರ್ಷಗಟ್ಟಲೆ ಇದ್ದು ಅವನ ದನಿ, ಅವನ ಚಾಷ್ಟಿ-ತಮಾಷೆ, ಅವನ ರೂಢಿ ಎಲ್ಲ ಕಲಿತು, ಅವನಿಗೆ ಪುರುಸೊತ್ತಿಲ್ಲದಾಗ ಅವನ ಪರವಾಗಿ ಫೋನಿನಲ್ಲಿ ತಾನೇ ಮಾತಾಡುತ್ತಿತ್ತು. ಅದರ ದೊಡ್ಡ ಗುಣ, ಕೊಟ್ಟ ಮಾತು ಉಳಿಸುವುದು. ‘ನಾಳೆ ಕೇಳಿ ಹೇಳ್ತೀನಿ’ ಎಂದು ಯಾರಿಗೋ ಹೇಳಿ ನೀವು ಮರೆತರೂ ಅದು ಮರೆಯುವುದಿಲ್ಲ, ತಾನೇ ಕೇಳಿ ತಾನೇ ಹೇಳುತ್ತದೆ. ಒಳ್ಳೆಯದೇ. ಆದರೆ ಅದನ್ನು ಮಾಡಿದವರು ಯಾವ ದೇಶದವರೋ ಏನೋ, ಅವರ ಮಾತಿನಲ್ಲಿ ಹೋಗುವುದು ಅಂದರೆ ಹೋಗುವುದು, ಬರುವುದು ಅಂದರೆ ಬರುವುದು. ಹೊರಟವನು ‘ಬರ್ತೀನಿ’ ಅಂದರೆ ಅದಕ್ಕೆ ದಿಗಿಲು. ಓಹೋ, ಇವನು ಬರುವುದಾಗಿ ಮಾತು ಕೊಟ್ಟ! ಕೂಡಲೇ ಗುರ್ ಅಂತ ನಡುಗಿ ‘ಯಾವಾಗ ಬರುವಿರಿ?’ ಎಂದು ಪರದೆಯ ಮೇಲೆ ಕೇಳುತ್ತಿತ್ತು. ಕನ್ನಡ ನಾಡಿನ ಮಂದಿಯೆಲ್ಲ ಹೆಬ್ಬೆರಳಿನಿಂದ ಅದನ್ನು ಒರೆಸಿ ಹಾಕುವುದನ್ನು ಕಲಿತರು. ದಿನಕ್ಕೆ ಎಷ್ಟು ಸಲ ಒರೆಸುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ.

ದ್ಯಾಮಣ್ಣ ಮಾತ್ರ ಒರೆಸುತ್ತಿರಲಿಲ್ಲ. “ಇರವಲ್ದ್ಯಾಕ, ಪಾಪ. ನಾಳಿ ಹೆಂಗೂ ಬರಾಂವನ ಅದೇನಿ” ಎಂದು ನಗುತ್ತಿದ್ದ. ಅದು ನಿಜವೂ ಹೌದು. ಅವ್ವ ಬಡಿದ ರೊಟ್ಟಿಯನ್ನು ಡಬ್ಬಿಗಳಲ್ಲಿ ತುಂಬಿಕೊಂಡು ಹುಬ್ಬಳ್ಳಿಯ ಮನೆಮನೆಗೆ ಮುಟ್ಟಿಸುವುದು ಅವನ ಕೆಲಸ. ಇವತ್ತು ‘ಬರ್ತೇನ್ರಿ’ ಅಂದ ಮನೆಗೆ ನಾಳೆ ಹೋಗಿಯೇ ಹೋಗುತ್ತಿದ್ದ. ಮಾತು ಬಾಕಿ ಉಳಿಯುತ್ತಿರಲಿಲ್ಲ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಅವನು “ಬರ್ತೇನಬೇ ಯವ್ವಾ” ಎಂದು ಗಾಡಿ ಹತ್ತಿದ. ಫಕೀರವ್ವ ಹಿಟ್ಟಿನಿಂದ ಕೈಯೆತ್ತದೆ “ಹೋಗಿ ಬಾ” ಎಂದಳು. ಎಲ್ಲ ಮನೆ ಮುಗಿಸಿ ತಿರುಗಿ ಬರುವಾಗ ಬೈಪಾಸಿನಲ್ಲಿ ಲಾರಿ ಬಡಿಯಿತು. ಆಸ್ಪತ್ರೆಯಲ್ಲಿ ಕಸ್ತೂರಿ ನೋಡಿದ್ದನ್ನು ಅವ್ವನಿಗೆ ತೋರಿಸಲಿಲ್ಲ. ಮುಖ ಬಿಚ್ಚಬೇಡಿ ಎಂದು ಹಿರಿಯರು ತಡೆದರು. ಹೀಗಾಗಿ ಫಕೀರವ್ವನ ಮಟ್ಟಿಗೆ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದರು, ಒಯ್ದರು, ಅಷ್ಟೇ. ಅವಳು ಅಳಲಿಲ್ಲ. ರೊಟ್ಟಿ ಬಡಿಯುವುದನ್ನು ಬಿಟ್ಟಳು.

ಕಸ್ತೂರಿ ಕೆಲಸ ಮಾಡುತ್ತಿದ್ದದ್ದು ಕೊಪ್ಪಿಕರ ರಸ್ತೆಯ ಮೇಲಂತಸ್ತಿನ ಒಂದು ಮೊಬೈಲ್ ಮರುಜೀವ ಕೇಂದ್ರದಲ್ಲಿ. ನೀರಿಗೆ ಬಿದ್ದ, ಒಡೆದ, ಸುಟ್ಟ ಫೋನುಗಳೊಳಗಿನ ಫೋಟೋ, ಕಾಗದಪತ್ರ ಹೊರತೆಗೆದು ಕೊಡುವ ಅಂಗಡಿ ಅದು. ಫೋನಿನ ಮೈ ಸತ್ತರೂ ನೆನಪು ತುಂಬಿದ ಚಿಪ್ ಸಾಮಾನ್ಯವಾಗಿ ಉಳಿದಿರುತ್ತದೆ. ಅದರೊಳಗಿನದನ್ನು ಕಂಪ್ಯೂಟರಿನಲ್ಲಿರುವ ಎಮ್ಯುಲೇಟರಿಗೆ ಸುರಿಯುವುದು. ಎಮ್ಯುಲೇಟರ್ ಅಂದರೆ ಸೋಗಿನ ಫೋನು. ಮೇಜಿನ ಮೇಲಿನ ಪರದೆಯಲ್ಲಿ ಫೋನಿನ ಆಕಾರ ಮೂಡುತ್ತದೆ, ಮೌಸಿನಿಂದ ಒತ್ತಿದರೆ ಬೆರಳಿನಿಂದ ಒತ್ತಿದಂತೆ ಓಗೊಡುತ್ತದೆ.

ಆದರೆ ಆ ಕಾಲದ ಫೋನು ಸುಲಭಕ್ಕೆ ಮೋಸಹೋಗುವಂಥದ್ದಲ್ಲ. ಹಿಡಿದ ಕೈಯ ಅಲುಗಾಟ ಇಲ್ಲ, ಟವರಿನ ಸುಳಿವಿಲ್ಲ, ಬ್ಯಾಟರಿ ಇಳಿಯುತ್ತಿಲ್ಲ ಎಂದು ಗೊತ್ತಾದರೆ ಬಾಗಿಲು ಹಾಕಿಕೊಂಡು ಕೂತುಬಿಡುತ್ತದೆ. ಅದಕ್ಕೆ ಸುಳ್ಳು ಹೇಳಬೇಕು. ಸೆಟ್ಟಿಂಗ್ಸಿನ ತಳದಲ್ಲಿ ‘ಬಿಲ್ಡ್ ನಂಬರ್’ ಎಂಬ ಸಾಲಿರುತ್ತದೆ. ನೋಡಿದರೆ ಏನೂ ಅಲ್ಲ. ಅದರ ಮೇಲೆ ಬಿಡದೆ ಏಳು ಸಲ ಒತ್ತಿದರೆ ಗುಪ್ತ ಪಟ್ಟಿ ತೆರೆದುಕೊಳ್ಳುತ್ತದೆ. ಬ್ಯಾಟರಿ ಎಷ್ಟಿದೆ ಎಂದು ನಂಬಿಸಬೇಕು, ಕೈ ಎಷ್ಟು ನಡುಗಬೇಕು, ಫೋನು ಎಲ್ಲಿದೆ, ಈಗ ಎಷ್ಟು ಹೊತ್ತು, ಎಲ್ಲವನ್ನೂ ಅಲ್ಲಿ ತಿರುವಬಹುದು. ಕೇಂದ್ರದ ಮಾಲೀಕರಾದ ಮೆಹರವಾಡೆ ಸರ್ ಹೊಸಬರಿಗೆ ಕಲಿಸುವಾಗೆಲ್ಲ, “ಏಳು ಹೆಜ್ಜಿ ಇಟ್ರ ಮದವಿ, ಏಳು ಸಲ ಒತ್ತಿದ್ರ ಗುಟ್ಟು. ಎರಡರಾಗೂ ಮುಂದಿಂದು ನಿಮ್ಮ ಹಣೇಬಾರ” ಎಂದು ನಗಿಸುತ್ತಿದ್ದರು. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಸೇರಿಸುತ್ತಿದ್ದರು. ಸತ್ತವರ ಫೋನು ಬಂದರೆ ಮೊದಲು ನೆರಳನ್ನು ಮಲಗಿಸಬೇಕು. ಅದು ಕಾನೂನು, ತಪ್ಪಿದರೆ ಅಂಗಡಿಗೆ ಬೀಗ.

ಕಸ್ತೂರಿ ಅಣ್ಣನ ಫೋನು ತಂದದ್ದು ಫೋಟೋಗಳಿಗಾಗಿಯೇ. ಚಿಪ್ಪಿನೊಳಗಿನದನ್ನು ಎಮ್ಯುಲೇಟರಿಗೆ ಸುರಿದಳು. ಏಳು ಸಲ ಒತ್ತಿದಳು. ಗುಪ್ತ ಪಟ್ಟಿ ತೆರೆಯಿತು. ಸ್ಥಳದ ಸಾಲಿನಲ್ಲಿ ನಕಾಶೆ ಮೂಡಿ, ಅದರ ಮೇಲೊಂದು ನೀಲಿ ಚುಕ್ಕಿ ಕಂಡಿತು. ಚುಕ್ಕಿ ಬೈಪಾಸಿನ ನಡುವೆ ಇತ್ತು, ಅಲುಗದೆ. ಅಯ್ಯೋ, ಇಷ್ಟು ದಿನ ಇಲ್ಲೇ ಬಿದ್ದಿದ್ದೀಯೇನೋ ಅಣ್ಣಾ! ‘ಕೊನೆಯ ಸ್ಥಳ’ ಎಂಬುದನ್ನು ಮೊದಲು ತೆಗೆದುಹಾಕಿದಳು. ಬೇರೆ ಯಾವ ಸ್ಥಳ ಕೊಡಬೇಕೋ ತಿಳಿಯಲಿಲ್ಲ. ಪಟ್ಟಿಯ ತಳದಲ್ಲಿ ‘ನೆರಳಿನ ಇಚ್ಛೆ’ ಎಂದಿತ್ತು. ಅವಳು ಯಾವತ್ತೂ ಮುಟ್ಟದ ಸಾಲು. ಅದನ್ನೇ ಒತ್ತಿದಳು. ನೆರಳನ್ನು ಮಲಗಿಸುವ ಗುಂಡಿಯ ಹತ್ತಿರ ಬಂದ ಮೌಸನ್ನು ಅಲ್ಲೇ ನಿಲ್ಲಿಸಿದಳು. ಒಂದೇ ಸಲ ದನಿ ಕೇಳಿ ಆಮೇಲೆ ಮಲಗಿಸಿದರಾಯಿತು ಎಂದುಕೊಂಡು, “ಅಣ್ಣಾ” ಎಂದು ಮೆಲ್ಲಗೆ ಕರೆದಳು.

“ಕಸ್ತೂರೀ, ದನಿ ಯಾಕ ಸಣ್ಣಾಗೇತಿ? ಉಂಡಿಲ್ಲೇನ?” ಎಂದಿತು ಸ್ಪೀಕರು.

ಅವಳು ಕೀಬೋರ್ಡಿಗೆ ಹಣೆಯಿಟ್ಟು ಅತ್ತಳು. ಪರದೆಯ ತುಂಬ ಒಂದೇ ಅಕ್ಷರ ಸಾಲುಗಟ್ಟಿತು. ಅತ್ತ ಮೇಲೆ ಎದೆ ಹಗುರಾಯಿತು. ಹಗುರಾದ್ದರಿಂದಲೇ ಎರಡನೆಯ ತಪ್ಪು ಮಾಡಿದಳು. ಅವ್ವ ಇನ್ನೂ ಅತ್ತಿಲ್ಲವಲ್ಲ, ಅವಳಿಗೂ ಒಮ್ಮೆ ಕೇಳಿಸಿದರೆ ಅತ್ತಾದರೂ ಹಗುರಾದಾಳು ಅನ್ನಿಸಿತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ ನೋಡಿ. ಮನೆಗೆ ಫೋನ್ ಹಚ್ಚಿ, “ಯವ್ವಾ, ಇದು ಅವನಲ್ಲ. ಅವನ ಮಾತು ಕಲತ ಮಷೀನು. ತಿಳೀತಿಲ್ಲೋ?” ಎಂದು ಎರಡೆರಡು ಸಲ ಹೇಳಿದಳು.

“ತಿಳೀತು. ನೀ ಹಚ್ಚು” ಎಂದಳು ಫಕೀರವ್ವ.

“ಯವ್ವಾ, ಏನ ಮಾಡಾಕತ್ತಿ?”

“ಕುಂತೇನೋ ಯಪ್ಪಾ.”

“ಹಂಗ ಕುಂತರ ರೊಟ್ಟಿ ಯಾರ ನಿಮ್ಮಪ್ಪ ಬಡೀತಾನೇನ?” ಎಂದು ನೆರಳು ನಕ್ಕಿತು. ಅದು ಅವನದೇ ನಗು, ಕೊನೆಗೆ ಒಂದು ಸಣ್ಣ ಕೆಮ್ಮು ಬರುತ್ತಿತ್ತಲ್ಲ, ಅದೂ ಬಂತು. ಆ ಮಾತು ಈ ಮಾತು ಆಡಿ ಕಡೆಗೆ, “ಇನ್ನಾ ಮನಿ ಅದಾವ, ಬರ್ತೇನಬೇ ಯವ್ವಾ” ಎಂದಿತು.

“ಹೋಗಿ ಬಾ, ನನ್ನಪ್ಪಾ” ಎಂದಳು ಫಕೀರವ್ವ.

ಕಸ್ತೂರಿ ಕಣ್ಣೊರೆಸಿಕೊಂಡು ಎಮ್ಯುಲೇಟರನ್ನು ಮುಚ್ಚಲು ಹೋದಳು. ಅದು ಮುಚ್ಚಿಕೊಳ್ಳಲಿಲ್ಲ. ‘ಕೊಟ್ಟ ಮಾತು ಬಾಕಿ ಇದೆ’ ಎಂಬ ಸಾಲು ಬಂತು. ಅದರ ಕೆಳಗೆ, ‘ಮಾತು ಪಡೆದವರು ಬಿಟ್ಟುಕೊಡುವವರೆಗೆ ಅಥವಾ ಮಾತು ನಡೆಯುವವರೆಗೆ ನೆರಳು ಎಚ್ಚರವಾಗಿರುತ್ತದೆ.’ ಅವಳು ಆ ಸಾಲನ್ನು ಓದುತ್ತಿರುವಾಗಲೇ ನಕಾಶೆಯ ಮೇಲೆ ನೀಲಿ ಚುಕ್ಕಿ ಬೈಪಾಸಿನಿಂದ ಎದ್ದು ಊರ ಕಡೆ ಹೊರಟಿತು.

ಮರುದಿನ ಬೆಳಿಗ್ಗೆ ಮೊದಲ ಫೋನು ಬಂದದ್ದು ದೇಶಪಾಂಡೆ ನಗರದ ಪದ್ಮಾಬಾಯಿಯವರದು. ವರ್ಷಗಳಿಂದ ಫಕೀರವ್ವನ ರೊಟ್ಟಿ ಕೊಳ್ಳುವವರು. “ಕಸ್ತೂರಿ, ಏನವಾ ಇದು? ನಿಮ್ಮಣ್ಣನ ದನಿ! ‘ಬಾಯಾರ, ಬಂದೇನಿ, ಬಾಗಲಾ ತಗೀರಿ’ ಅಂತು. ನಾ ತಗದೆ. ಯಾರೂ ಇಲ್ಲ.” ಆಮೇಲೆ ಪಂಕ್ಚರ್ ಅಂಗಡಿಯ ಹುಸೇನಸಾಬ ಫೋನ್ ಮಾಡಿ ಮಾತೇ ಆಡದೆ ಅತ್ತು ಇಟ್ಟುಬಿಟ್ಟರು. ಆಮೇಲೆ ಮತ್ತೊಬ್ಬರು. ಕೊನೆಯ ದಿನ ದ್ಯಾಮಣ್ಣ ಯಾರ್‍ಯಾರ ಬಾಗಿಲಲ್ಲಿ ‘ಬರ್ತೇನ್ರಿ’ ಎಂದಿದ್ದನೋ ಆ ಎಲ್ಲ ಬಾಗಿಲಿಗೂ ನೆರಳು ಬರುತ್ತಿತ್ತು. ಕಸ್ತೂರಿ ಪರದೆಯ ಮುಂದೆ ಕೂತು ನೋಡಿದಳು. ಚುಕ್ಕಿ ಗಾಡಿಯ ವೇಗದಲ್ಲೇ ಸಾಗುತ್ತಿತ್ತು. ಸಿಗ್ನಲ್ಲಿನಲ್ಲಿ ನಿಲ್ಲುತ್ತಿತ್ತು. ಚೆನ್ನಮ್ಮ ಸರ್ಕಲ್ಲಿನ ಹತ್ತಿರ ಚಾ ಅಂಗಡಿಯ ಮುಂದೆ ಒಂದು ಚಾ ಕುಡಿಯುವಷ್ಟು ಹೊತ್ತು ನಿಂತು ಮುಂದೆ ಹೋಯಿತು.

ಹಿಂದೆ ಮೆಹರವಾಡೆ ಸರ್ ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ. ಅವರು ಬಹಳ ಹೊತ್ತು ಚುಕ್ಕಿಯನ್ನು ನೋಡಿದರು. ಬೈಯಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

“ಯಾವ ಸಾಲು ಒತ್ತಿದಿ?”

“ನೆರಳಿನ ಇಚ್ಛೆ, ಸರ್.”

“ಯವ್ವಾ!” ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು. “ಒಡೆಯ ಇದ್ದಾಗ ನೆರಳು ಅಂವನ ಮೈ ಬಿಟ್ಟು ಎಲ್ಲಿಗೂ ಹೋಗಾಂಗಿಲ್ಲ. ಈಗ ಮೈಯಿಲ್ಲ, ನೀ ಹಗ್ಗಾನೂ ಬಿಚ್ಚಿ ಬಿಟ್ಟಿ. ಕೊಟ್ಟ ಮಾತು ನಡಸಾಕ ಅದು ಮನಿಮನಿ ತಿರಗಾಕತ್ತೇತಿ.” ಅವರು ಗುಪ್ತ ಪಟ್ಟಿಗೆ ಹೋಗಿ ಹೊರಹೋಗುವ ಕರೆಗಳನ್ನೆಲ್ಲ ಕಟ್ಟಿಹಾಕಿದರು. ಫಕೀರವ್ವನ ನಂಬರಿನ ಮೇಲೆ ಬೆರಳು ನಿಂತಿತು. ಅದನ್ನು ಕಟ್ಟದೆ ಬಿಟ್ಟರು. ಅವರ ತಾಯಿಯೂ ಹೋದ ವರ್ಷವೇ ತೀರಿಕೊಂಡಿದ್ದರು. “ಹಿರ್‍ಯಾರಿಗೆ ಎಡಿ ಇಡು ಮಾನೌಮಿ ಅಮಾಸಿ ತನಾ ಬಿಟ್ಟಿರತೇನಿ. ಅಷ್ಟರಾಗ ಅವ್ವಗ ಸಮಾಧಾನ ಮಾಡು. ಅವತ್ತ ನಾನ ಒತ್ತಿ ಕೊಂದಬಿಡತೇನಿ.”

ಆ ಸಂಜೆ ಕಸ್ತೂರಿ ಮನೆಗೆ ಬಂದಾಗ ಫಕೀರವ್ವ ಹೊಸ್ತಿಲ ಮೇಲೆ ಕೂತಿದ್ದಳು. ದೀಪ ಹಚ್ಚುವ ಹೊತ್ತು. ಬಾಗಿಲ ಮೇಲೊಂದು ಬಲ್ಬಿತ್ತು, ದ್ಯಾಮಣ್ಣನೇ ಕೂರಿಸಿದ್ದು. ಅವನ ಫೋನು ಹತ್ತಿರ ಬಂದರೆ ತಾನೇ ಹೊತ್ತುವ ಬಲ್ಬು. ಅವನು ಸತ್ತ ಮೇಲೆ ಅದು ಹೊತ್ತಿರಲಿಲ್ಲ. ಕಸ್ತೂರಿ ಚಪ್ಪಲಿ ಬಿಡುತ್ತಿದ್ದಂತೆ ಅದು ಟಕ್ಕೆಂದು ಹೊತ್ತಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಫಕೀರವ್ವನ ಮಡಿಲಲ್ಲಿದ್ದ ಫೋನು ಬಾರಿಸಿತು.

“ಯವ್ವಾ, ಬಂದೇನಿ. ಬೇವಿನ ಗಿಡದ ಕೆಳಗ ಅದೇನಿ. ಖಾಲಿ ಡಬ್ಬಿ ಒಯ್ಯಾಕ ಬಾ.”

ಅದೂ ಅವನ ರೂಢಿ. ಓಣಿಯ ಬಾಯಲ್ಲೇ ಇದ್ದ ಮನೆಯ ಮುಂದೆ ಗಾಡಿ ನಿಲ್ಲಿಸಲು ಜಾಗವಿಲ್ಲದ್ದರಿಂದ ದೊಡ್ಡ ರಸ್ತೆಯ ಆಚೆ ಬದಿಯ ಬೇವಿನ ಮರದ ಕೆಳಗೆ ನಿಂತು ಫೋನ್ ಮಾಡುತ್ತಿದ್ದ. ಫಕೀರವ್ವ ಎದ್ದು ಸೆರಗು ಸರಿಮಾಡಿಕೊಂಡು, ದೆವ್ವ ಬಡಿದವರಂತೆ ಅಲ್ಲ, ದಿನಾ ಹೋಗುವಂತೆ ರಸ್ತೆ ದಾಟಿ ಹೋದಳು. ಮರದ ಕೆಳಗೆ ನಿಂತಳು. ಕೈ ಮುಂದೆ ಚಾಚಿದಳು, ಡಬ್ಬಿ ಇಸಿದುಕೊಳ್ಳುವವಳ ಹಾಗೆ. ಅಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ಫೋನು ಕಿವಿಗಿಟ್ಟು ಮಾತಾಡಿದಳು, ನಕ್ಕಳು, ಕೊನೆಗೆ “ಹೋಗಿ ಬಾ” ಎಂದಳು. ಬಲ್ಬು ಆರಿತು.

ಅಂದಿನಿಂದ ಅದೇ ನಡೆಯಿತು. ದಿನವಿಡೀ ಚುಕ್ಕಿ ಬಾಯಿ ಕಟ್ಟಿಸಿಕೊಂಡು ಊರು ಸುತ್ತುತ್ತಿತ್ತು. ಪ್ರತಿ ಬಾಗಿಲ ಮುಂದೆ ನಿಂತು, ಯಾರೂ ತೆಗೆಯದೆ ಇದ್ದಾಗ ಮುಂದಿನ ಬಾಗಿಲಿಗೆ ಹೋಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಬೇವಿನ ಮರಕ್ಕೆ ಬರುತ್ತಿತ್ತು. ಪ್ರತಿ ಸಂಜೆ ಅದು ‘ಬರ್ತೇನಬೇ’ ಅನ್ನುವುದು, ಫಕೀರವ್ವ ‘ಹೋಗಿ ಬಾ’ ಅನ್ನುವುದು. ಬಾ ಎಂದ ಮೇಲೆ ಅದು ಮತ್ತೆ ಬರದೆ ಇದ್ದೀತೆ?

ಫಕೀರವ್ವ ಅವನು ಬರುವ ತನಕ ಉಣ್ಣುವುದನ್ನು ಬಿಟ್ಟಳು. ಬಂದು ಹೋದ ಮೇಲೂ ಉಣ್ಣಲಿಲ್ಲ. ಜಿಟಿಜಿಟಿ ಮಳೆಯಲ್ಲಿ ಬಾಗಿಲು ತೆರೆದಿಟ್ಟು ಕೂತು ಜ್ವರ ಬಂತು. ಕಸ್ತೂರಿ ಬೇಡಿದಳು, ಬೈದಳು, ಜಗಳ ತೆಗೆದಳು. “ಯಾರಿಗಬೇ ಕಾಯತಿ? ಅಂವ ಇಲ್ಲ!” ಎಂದು ಕಿರುಚಿದಳು. “ಬಲ್ಬ್ ಹತ್ತಿದ್ದು ನೀ ನೋಡಿಲ್ಲೇನ?” ಎಂದಳು ಫಕೀರವ್ವ, ಮಗುವಿಗೆ ಹೇಳುವ ಹಾಗೆ ಮೆತ್ತಗೆ.

ಒಂದು ಸಂಜೆ ಕಸ್ತೂರಿ ತಡವಾಗಿ ಬಂದಳು. ಬಲ್ಬು ಹೊತ್ತಿತ್ತು. ಫಕೀರವ್ವ ಜ್ವರದ ಮಂಪರಿನಲ್ಲಿ ಫೋನು ಕಿವಿಗೊತ್ತಿಕೊಂಡು ರಸ್ತೆಯ ನಡುವೆ ನಿಂತಿದ್ದಳು. ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. “ಬಂದೆನೋ ಯಪ್ಪಾ, ಬಂದೆ” ಎನ್ನುತ್ತಿದ್ದಳು. ಸಿಟಿ ಬಸ್ಸು ಹಾರ್ನು ಹೊಡೆಯುತ್ತ ಬರುತ್ತಿತ್ತು. ಕಸ್ತೂರಿ ಓಡಿ ಸೆರಗು ಹಿಡಿದು ಎಳೆದಳು. ಇಬ್ಬರೂ ರಸ್ತೆಯ ಅಂಚಿಗೆ ಬಿದ್ದರು, ಬಸ್ಸಿನ ಗಾಳಿ ಮೈಮೇಲೆ ಬಡಿದುಹೋಯಿತು. ಡ್ರೈವರ್ ತಲೆ ಹೊರಹಾಕಿ ತಾಯಿ ಮಗಳಿಬ್ಬರಿಗೂ ಸೇರಿಸಿ ಬೈದ. ಕೆಳಗೆ ಬಿದ್ದ ಫೋನಿನಿಂದ “ಯವ್ವಾ? ಯವ್ವಾ, ಬರಾಕತ್ತೀ ಇಲ್ಲೋ?” ಎಂಬ ದನಿ ಬರುತ್ತಲೇ ಇತ್ತು.

ಮರುದಿನ ಕಸ್ತೂರಿ ಕೇಂದ್ರಕ್ಕೆ ಹೋಗಿ ನೇರ ಗುಪ್ತ ಪಟ್ಟಿಗೆ ಇಳಿದಳು. ತಳದ ತಳದಲ್ಲಿ ‘ಬಲವಂತದಿಂದ ಮುಗಿಸು’ ಎಂಬ ಕೆಂಪು ಗುಂಡಿ ಇತ್ತು. ಒತ್ತಿದರೆ ನೆರಳು ಇದ್ದಲ್ಲೇ ಅಳಿಯುತ್ತದೆ. ಚುಕ್ಕಿ ಆಗ ದೇಶಪಾಂಡೆ ನಗರದಲ್ಲಿ, ಪದ್ಮಾಬಾಯಿಯವರ ಬಾಗಿಲ ಮುಂದೆ ನಿಂತಿತ್ತು.

“ಒತ್ತು” ಎಂದರು ಮೆಹರವಾಡೆ ಸರ್. “ಅಮಾಸಿ ನಾಳಿಗೈತಿ. ಇವತ್ತಾದ್ರ ಇವತ್ತ.”

ಕಸ್ತೂರಿಯ ಬೆರಳು ಮೌಸಿನ ಮೇಲೇ ಇತ್ತು. “ಒತ್ತಿದ್ರ ಇದು ಸಾಯತೈತಿ ಸರ್. ಅವ್ವನ ಕಾಯೂದು ಸಾಯೂದಿಲ್ಲ. ಬರ್ತೇನಿ ಅಂದಾಂವ ಒಂದ ಸಂಜಿ ಬರಲಿಲ್ಲ ಅಂದ್ರ ಆಕಿ ಇರೂತನಾ ಆ ಗಿಡದ ಕೆಳಗ ನಿಂದರತಾಳ. ರಸ್ತೇನೂ ಅಲ್ಲೇ ಇರತೈತಿ, ಬಸ್ಸೂ ಬರತಾವ.” ಅವಳು ಮೌಸು ಬಿಟ್ಟಳು. “ಮಾತು ಪಡದಾವರು ಬಿಟ್ಟುಕೊಡಬೇಕು ಅಂತ ಐತಲ್ರಿ. ಅವ್ವ ದಿನಾ ‘ಹೋಗಿ ಬಾ’ ಅಂತಾಳ. ಅದಕ್ಕ ಅದು ಬರತೈತಿ. ಆಕೀನ ‘ಹೋಗು’ ಅನ್ನಬೇಕು.”

ಮೆಹರವಾಡೆ ಸರ್ ಅವಳನ್ನೇ ನೋಡಿದರು. “ಯಾವ ತಾಯಿ ಅಂತಾಳವಾ ಹಂಗ?” ಎಂದರು.

ಅಮಾವಾಸ್ಯೆಯ ದಿನ ಓಣಿಯ ಎಲ್ಲ ಮನೆಗಳಲ್ಲಿ ಹಿರಿಯರಿಗೆ ಎಡೆ ಇಟ್ಟಿದ್ದರು. ಫಕೀರವ್ವ ದ್ಯಾಮಣ್ಣನ ಫೋಟೋ ಮುಟ್ಟಗೊಡಲಿಲ್ಲ. “ದಿನಾ ಸಂಜಿಗೆ ಬರಾಂವಗ ಎಡಿ ಇಡತಾರೇನ?” ಎಂದಳು. ಕಸ್ತೂರಿ ಅವಳ ಕಾಲ ಹತ್ತಿರ ಕೂತು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅವನು ಮಾತಿಗೆ ಕಟ್ಟುಬಿದ್ದು ತಿರುಗುತ್ತಿದ್ದಾನೆ, ಬಿಡಿಸಬೇಕಾದವಳು ನೀನೇ. ‘ಹೋಗು’ ಅನ್ನಬೇಕು. ಹಿಂದೆ ‘ಬಾ’ ಹಚ್ಚಕೂಡದು.

ಫಕೀರವ್ವ ಕೇಳಿಸಿಕೊಂಡಳು. ಕೇಳಿಸಿಕೊಂಡು ಎದ್ದಳು. ಜ್ವರ ಬಂದ ಮೈಗೆ ಎಲ್ಲಿಂದ ಶಕ್ತಿ ಬಂತೋ, ಕಸ್ತೂರಿಯ ಕಪಾಳಕ್ಕೆ ಹೊಡೆದಳು.

“ಹಡದ ಬಾಯಿಲೆ ಹೋಗು ಅನ್ನಲ್ಯಾ? ಅಂವನ ಹೆಣಾ ಹೊತ್ತಾಗ ನಾ ಅಂದಿಲ್ಲ ಆ ಮಾತು! ಹಲ್ಲು ಕಚ್ಚಿ ನಿಂತಿದ್ದೆ, ಬಾಯಾಗಿಂದ ಹೊರಗ ಬಿದ್ದೀತು ಅಂತ! ಈಗ ನೀ ಅನಸಾಕ ಬಂದಿ!”

ಅವ್ವ ಇಷ್ಟು ದಿನ ಅಳದೆ ಇದ್ದದ್ದು ಯಾಕೆಂದು ಕಸ್ತೂರಿಗೆ ಆಗ ತಿಳಿಯಿತು. ಅವಳು ಕೆನ್ನೆ ಮುಟ್ಟಿಕೊಂಡು ಅಲ್ಲೇ ಕೂತಳು.

ಸಂಜೆಯಾಯಿತು. ಓಣಿಯಲ್ಲಿ ಎಣ್ಣೆಯ ಕಮಟು, ಒಗ್ಗರಣೆಯ ವಾಸನೆ. ಬಲ್ಬು ಹೊತ್ತಿತು. ಫೋನು ಬಾರಿಸಿತು. ಈ ಸಲ ಕಸ್ತೂರಿ ಅವ್ವನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಫಕೀರವ್ವ ಏಳಲಿಲ್ಲ. ಹೊಸ್ತಿಲ ಮೇಲೆ ಕೂತೇ ರಸ್ತೆಯಾಚೆಯ ಮರದ ಕಡೆ ನೋಡುತ್ತ ಮಾತಾಡಿದಳು.

“ಯವ್ವಾ, ಗಿಡದ ಕೆಳಗ ಅದೇನಿ. ಬಾ.”

“ದ್ಯಾಮಾ, ದಣದೀಯೇನೋ?”

“ಹೂನಬೇ. ಭಾಳ ಮನಿ ಆದುವು. ಯಾರೂ ಬಾಗಲಾ ತಗೀಲಿಲ್ಲ. ಕಾಲು ಬಿದ್ದ ಹೋಗ್ಯಾವ.”

ದಿನಾ ತಿರುಗಿ ಬಂದಾಗ ಅವನು ಹೇಳುತ್ತಿದ್ದ ಮಾತೇ ಅದು, ಅವನಿಂದಲೇ ನೆರಳು ಕಲಿತದ್ದು. ಕಸ್ತೂರಿಗೆ ಗೊತ್ತಿತ್ತು. ಆದರೆ ಬಾಗಿಲು ತೆಗೆಯಲಿಲ್ಲ ಎಂಬುದನ್ನು ಅವನು ಯಾವತ್ತೂ ಅಂದಿರಲಿಲ್ಲ. ಬದುಕಿದ್ದಾಗ ಅವನಿಗೆ ಎಲ್ಲರೂ ಬಾಗಿಲು ತೆಗೆಯುತ್ತಿದ್ದರು. ಅದನ್ನು ಅದು ಈಗ ಕಲಿತದ್ದು.

ಫಕೀರವ್ವನಿಗೆ ಯಂತ್ರ ಏನು ಕಲಿಯಿತು ಎಂಬುದು ಬೇಕಿರಲಿಲ್ಲ. ಅವಳಿಗೆ ಕೇಳಿಸಿದ್ದು ಮಗ ದಣಿದಿದ್ದಾನೆ ಎಂಬುದೊಂದೇ. “ದಿನಾ ತಿರಗಾಕತ್ತಿಯಲ್ಲೋ ನನ್ನ ಕೂಸಾ” ಎಂದಳು. “ನಾನ ದಣಸಾಕತ್ತೇನಲ್ಲೋ ನಿನ್ನ.”

“ಇನ್ನಾ ಮನಿ ಅದಾವ. ಬರ್ತೇನಬೇ ಯವ್ವಾ.”

ಫಕೀರವ್ವ ಬಾಯಿ ತೆರೆದಳು. ‘ಹೋಗಿ’ ಎಂಬಷ್ಟು ಬಂದೇಬಿಟ್ಟಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ತಡೆದಳು. ಅತ್ತ ಕಡೆ ನೆರಳು ಕಾಯುತ್ತಿತ್ತು. ಒಂದು ಬಸ್ಸು ಹಾದುಹೋಯಿತು. ಅವಳು ಸೆರಗು ತೆಗೆದಳು.

“ಹೋಗು, ನನ್ನಪ್ಪಾ.”

ಫೋನಿನಲ್ಲಿ ಸಣ್ಣದೊಂದು ಕೆಮ್ಮು ಕೇಳಿಸಿತು, ನಗುವಿನ ಕೊನೆಗೆ ಬರುತ್ತಿತ್ತಲ್ಲ, ಅದು. “ಹಂಗ ಅನಬಾರದಬೇ. ನೀನ ಕಲಿಸಿದ್ದು” ಎಂದಿತು.

“ಹೂನಪಾ. ನಾನ ಕಲಿಸಿದ್ದು. ನಾನ ಬಿಡಸತೇನಿ.” ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯತೊಡಗಿತು. ಇಷ್ಟು ದಿನ ತಡೆದಿಟ್ಟದ್ದೆಲ್ಲ ಇಳಿಯಿತು. “ಎಲ್ಲಾ ಮನೀನೂ ಮುಗದುವು. ಡಬ್ಬಿ ನನ್ನ ಕೈ ಸೇರಿದುವು. ಇನ್ನ ಯಾರ ಬಾಗಲಕ್ಕೂ ನಿಂದರಬ್ಯಾಡ. ಹೋಗು.”

ಫೋನು ಕಟ್ಟಾಯಿತೇನೋ ಎಂದು ಕಸ್ತೂರಿ ಬಗ್ಗಿ ನೋಡಿದಳು. ಆಗಿರಲಿಲ್ಲ.

“ಹೋಗ್ತೇನಬೇ ಯವ್ವಾ” ಎಂದಿತು ದನಿ.

ಬಲ್ಬು ಆರಿತು. ಫಕೀರವ್ವ ಮಗಳ ಮಡಿಲಲ್ಲಿ ತಲೆಯಿಟ್ಟು ಗೋಳೋ ಎಂದು ಅತ್ತಳು. ಓಣಿಯವರು ಎಡೆಯ ಮುಂದಿನಿಂದ ಎದ್ದು ಬಂದು ನಿಂತರು, ಯಾರೂ ಸಮಾಧಾನ ಮಾಡಲಿಲ್ಲ. ಅಳಲಿ ಬಿಡು ಎಂದು ಒಬ್ಬಳು ಮುದುಕಿ ಮೆಲ್ಲಗೆ ಅಂದಳು. ಅತ್ತು ಮುಗಿದ ಮೇಲೆ ಫಕೀರವ್ವ ತಾನೇ ಎದ್ದು, ಫೋಟೋ ಒರೆಸಿ ಗೋಡೆಗೆ ಒರಗಿಸಿ, ಅದರ ಮುಂದೆ ಎಡೆ ಇಟ್ಟಳು.

ಮರುದಿನ ಕೇಂದ್ರದಿಂದ ಮೆಹರವಾಡೆ ಸರ್ ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಮಾಡಿದರು. “ನಾ ಏನೂ ಒತ್ತಿಲ್ಲವಾ. ಬಂದು ನೋಡಿದ್ರ ಎಮ್ಯುಲೇಟರ್ ತಾನ ಮುಚ್ಚೇತಿ. ನಕಾಶದಾಗ ಚುಕ್ಕೀನ ಇಲ್ಲ” ಎಂದರು. ಆಮೇಲೆ ದನಿ ತಗ್ಗಿಸಿ, “ಅವ್ವ ಹೆಂಗದಾರ?” ಎಂದು ಕೇಳಿದರು.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈಯಲ್ಲಿ ಮೊದಲಿನ ಬಿರುಸಿರಲಿಲ್ಲ, ಸದ್ದು ನಡುನಡುವೆ ನಿಂತು ಮುಂದುವರಿಯುತ್ತಿತ್ತು. ಕಸ್ತೂರಿ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ಹೊಸ್ತಿಲ ಮೇಲೆ ಕಾಲು ನಿಂತಿತು. ಬಾಯಿಗೆ ಬಂದದ್ದು ‘ಬರ್ತೇನಿ’ ಎಂಬ ಮಾತು. ಅನ್ನಲು ಭಯ. ಅನ್ನದೆ ಹೋಗಲು ಇನ್ನೂ ಭಯ. ಸುಮ್ಮನೆ ಒಂದು ಕಾಲು ಹೊರಗಿಟ್ಟಳು.

ಒಳಗೆ ರೊಟ್ಟಿಯ ಸದ್ದು ನಿಂತಿತು.

“ಏನೂ ಅನಲಾರದ ಹೊಂಟೀಯೇನು?”

ಕಸ್ತೂರಿ ಹೊರಗಿಟ್ಟ ಕಾಲನ್ನು ಒಳಗೆಳೆದುಕೊಂಡಳು.

“ಅನ್ನಬೇ” ಎಂದಳು ಫಕೀರವ್ವ. “ನೀ ಅನ್ನು.”

“ಬರ್ತೇನಬೇ ಯವ್ವಾ.”

“ಹೋಗಿ ಬಾ.”

ಚೀಲದೊಳಗೆ ಕಸ್ತೂರಿಯ ಫೋನು ಗುರ್ ಎಂದು ನಡುಗಿತು. ಅವಳು ತೆಗೆದು ನೋಡಿದಳು. ಅವಳದೇ ನೆರಳು ಕೇಳುತ್ತಿತ್ತು, ‘ಯಾವಾಗ ಬರುವಿರಿ?’ ಹೆಬ್ಬೆರಳು ರೂಢಿಯಂತೆ ಒರೆಸಲು ಮೇಲೆದ್ದಿತು. ಅವಳು ಒರೆಸಲಿಲ್ಲ. ‘ಸಂಜೆಗೆ’ ಎಂದು ಬರೆದು, ಫೋನನ್ನು ಚೀಲದೊಳಗೆ ಹಾಕಿ, ಎಡಕ್ಕೂ ಬಲಕ್ಕೂ ನೋಡಿ ರಸ್ತೆ ದಾಟಿದಳು.